ಮಂಗನ ಕಾಯಿಲೆಯ ಬೆನ್ನು ಹತ್ತಿದವರು

1957ರ ಮೊದಲ ತಿಂಗಳುಗಳಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡುಗಳಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಹಾಸಿಗೆ ಹಿಡಿದರು. ತಡೆಯಲಾರದ ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟನ್ನು ಊರವರೇ ಕಂಡುಕೊಂಡಿದ್ದರೆಂಬುದಕ್ಕೆ ‘ಮಂಗನ ಕಾಯಿಲೆ’ ಎಂಬ ಹೆಸರೇ ಸಾಕ್ಷಿ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರ ತಲುಪಿದಾಗ ಅಲ್ಲಿಯವರು ಗಾಬರಿಯಾದದ್ದಕ್ಕೆ ಕಾರಣವಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಆರಂಭಿಸಿದ್ದ ಕೇಂದ್ರವದು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ಗುರುತು. ಏಷ್ಯಾದಲ್ಲಿ ಎಂದೂ ಕಾಣದ ಆ ಜ್ವರವನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿಗೆ ಅದು ಹತ್ತಿರದ ನೆಂಟ. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ದನದ ಮೈಮೇಲೆ ನಾವು ದಿನವೂ ನೋಡುವ ಉಣುಗಿನ ಜಾತಿಯ ಕಾಡು ಉಣುಗು. ಕ್ಯಾಸನೂರು ಕಾಡಿನ ಮಂಗದಲ್ಲಿ ಸಿಕ್ಕ ವೈರಸ್ಸಿಗೆ ಆ ಕಾಡಿನ ಹೆಸರೇ ನಿಂತಿತು.

ರಷ್ಯಾದ ನೆಂಟ ಮಲೆನಾಡಿಗೆ ಹೇಗೆ ಬಂತು? ಚಳಿಗಾಲದ ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ, ಮೈಮೇಲಿನ ಉಣುಗು ಆರಿಸುವ ಕೆಲಸದಲ್ಲಿ ಸಲೀಂ ಅಲಿಯವರಂಥ ಪಕ್ಷಿತಜ್ಞರು ಕೈಜೋಡಿಸಿದರು. ಹಕ್ಕಿ ತಂದಿತೆಂಬುದಕ್ಕೆ ಗಟ್ಟಿ ಪುರಾವೆ ದೊರೆಯಲಿಲ್ಲ. ಆದರೆ ವೈದ್ಯರ ಪಕ್ಕದಲ್ಲಿ ಕೀಟತಜ್ಞ, ಪಕ್ಷಿತಜ್ಞ, ಪಶುವೈದ್ಯ, ಸಸ್ಯ ಬಲ್ಲವರು ಒಂದೇ ಕಾಡಿನಲ್ಲಿ ಕೆಲಸ ಮಾಡುವ ರೂಢಿ ಬಿತ್ತು. ಸಾಗರದ ಕ್ಷೇತ್ರ ಠಾಣೆ ಇದರ ಕೇಂದ್ರವಾಯಿತು.

ಇಲ್ಲಿಗೆ ಬಂದವರಲ್ಲಿ ಕೊಲಂಬಿಯಾ ದೇಶದ ಹೋರ್ಹೆ ಬೋಶೆಲ್ ಒಬ್ಬರು. ಪಿ.ಕೆ. ರಾಜಗೋಪಾಲನ್ ಮೊದಲಾದವರೊಡನೆ 1960ರ ದಶಕದಲ್ಲಿ ಕಾಡು ಸುತ್ತಿದ ಅವರ ವಿವರಣೆಯನ್ನು ಮಲೆನಾಡಿನವರು ಸುಲಭವಾಗಿ ಅರಿಯಬಲ್ಲರು. ದಟ್ಟ ಕಾಡಿನಲ್ಲಿ ಈ ವೈರಸ್ಸು ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿತ್ತು. ಜನ ಹೆಚ್ಚಿದಂತೆ ಕಾಡು ಕಡಿದು ಗದ್ದೆ ಮಾಡಿದರು. ಅಂಚಿನಲ್ಲಿ ಲಂಟಾನದ ಪೊದೆ ಹಬ್ಬಿತು. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಮೇಯಲು ಹೋದ ದನಗಳು ಅದನ್ನು ಒದಗಿಸಿದವು. ದನಕ್ಕೆ ಕಾಯಿಲೆ ಬರಲಿಲ್ಲ, ಉಣುಗು ಮಾತ್ರ ಸಾವಿರಗಟ್ಟಲೆಯಾಯಿತು. ಮಳೆ ನಿಂತ ಮೇಲೆ ಮರಿ ಉಣುಗು ಹೆಚ್ಚುವ ಕಾಲವೂ ನಾವು ಸೊಪ್ಪು, ದರಕು, ಸೌದೆಗೆ ಬೆಟ್ಟ ಹತ್ತುವ ಕಾಲವೂ ಒಂದೇ. ಮಂಗ ಸತ್ತೊಡನೆ ಅದರ ಮೈಮೇಲಿದ್ದ ಸೋಂಕಿನ ಉಣುಗು ಕೆಳಗಿಳಿಯುತ್ತದೆ. ಮುಂದೆ ಅದೇ ದಾರಿಯಲ್ಲಿ ಹೋದವರಿಗೆ ಕಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ರೋಗಿಯ ಮನೆಗೆ ಹೋಗಲು ಹೆದರುವವರು ಈಗಲೂ ಇದ್ದಾರೆ.

ಬೋಶೆಲ್‌ರ ಮಾತು 1969ರಲ್ಲೇ ಅಚ್ಚಾಗಿತ್ತು. ಆದರೆ 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುತೋಪಿಗಾಗಿ ಕಾಡು ಬೋಳಿಸಿದ ಬೆನ್ನಿಗೇ ದೊಡ್ಡ ಹಾವಳಿಯಾಗಿ ಬಹಳ ಮಂದಿ ಸತ್ತರು. ವಿಜ್ಞಾನ ಕೂಡಿಸಿ ನೋಡಿದ್ದನ್ನು ಆಡಳಿತ ಬಿಡಿಸಿ ಹಂಚಿಕೊಂಡಿತೆಂದು ನನಗನಿಸುತ್ತದೆ. ಜ್ವರ ಆರೋಗ್ಯ ಇಲಾಖೆಯದು, ಮಂಗ ಅರಣ್ಯ ಇಲಾಖೆಯದು, ದನ ಪಶುಪಾಲನೆಯದು. ಕಾಡು ಕಡಿಯುವ ಕಡತ ಓದುವವರು ಉಣುಗಿನ ವರದಿ ಓದಬೇಕೆಂಬ ನಿಯಮ ಎಲ್ಲಿತ್ತು?

ಆದ್ದರಿಂದ ಭಾರವೆಲ್ಲ ಲಸಿಕೆಯ ಮೇಲೆ ಬಿತ್ತು. ರಷ್ಯಾದ ವೈರಸ್ಸಿನ ಲಸಿಕೆಯನ್ನು ಆರಂಭದಲ್ಲೇ ಪ್ರಯತ್ನಿಸಿ ನೋಡಿದ್ದರು, ಫಲ ಸಿಗಲಿಲ್ಲ. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ 1990ರಿಂದ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ಮತ್ತೆ ಮತ್ತೆ ವರ್ಧಕ ಸೂಜಿ. ಕೈ ಊದಿ ನೋಯುತ್ತಿದ್ದುದರಿಂದ ಕೂಲಿ ತಪ್ಪೀತೆಂದು ಎರಡನೆಯ ಸೂಜಿಗೆ ಬಾರದವರನ್ನು ಬರೀ ಅಜ್ಞಾನಿಗಳೆಂದು ತಳ್ಳಿಹಾಕುವುದು ಸರಿಯಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಸೂಜಿ ಪಡೆದವರಲ್ಲಿ ರಕ್ಷಣೆ ಸುಮಾರು ಶೇ. 62 ಮಾತ್ರ. ಶಕ್ತಿ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸದರ ಕೆಲಸ ನಡೆದಿದೆ.

ಅಷ್ಟರಲ್ಲಿ ಕಾಯಿಲೆ ಜಿಲ್ಲೆ ದಾಟಿತ್ತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಯಲ್ಲಿದ್ದ ಅರಣ್ಯ ಸಿಬ್ಬಂದಿಗೇ ತಗುಲಿತು. ನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದದ್ದನ್ನು ಈ ಭಾಗದ ಓದುಗರಿಗೆ ನೆನಪಿಸಬೇಕಿಲ್ಲ. ಈಚೆಗೆ ರೋಗತಜ್ಞರು, ಪರಿಸರ ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು ಕೂಡಿ ಯಾವ ಊರಿಗೆ ಅಪಾಯ ಹೆಚ್ಚೆಂಬ ನಕ್ಷೆ ತಯಾರಿಸುತ್ತಿದ್ದಾರೆ. ಕಾಡೂ ತೋಟವೂ ಬೆರೆತಿರುವ ಕಡೆ, ಅಂದರೆ ನಮ್ಮ ಸೊಪ್ಪಿನ ಬೆಟ್ಟಗಳಂಥ ಕಡೆ, ಅಪಾಯ ಹೆಚ್ಚು. ಕಾಡಿಗೆ ಹೋಗಬೇಡಿರೆಂದು ಫಲಕ ಹಾಕುವುದು ಸುಲಭ. ಕೊಟ್ಟಿಗೆಗೆ ದರಕು, ಒಲೆಗೆ ಸೌದೆ ಎಲ್ಲಿಂದ ತರಬೇಕೆಂದು ಆ ಫಲಕ ಹೇಳುವುದಿಲ್ಲ. ಸದ್ಯಕ್ಕೆ ನಮ್ಮ ಕೈಲಿರುವುದು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ, ಬೆಟ್ಟದಿಂದ ಬಂದೊಡನೆ ಬಿಸಿನೀರಿನ ಸ್ನಾನ, ಮತ್ತು ಸತ್ತ ಮಂಗ ಕಂಡರೆ ಮುಟ್ಟದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದು.