ತಕ್ಕಡಿಯಲ್ಲಿ ತೂಗಿದ ವೇಗ

ಚಿಕ್ಕಂದಿನಲ್ಲಿ ಬೇಸಗೆ ರಜಕ್ಕೆ ಅಜ್ಜಿಯ ಮನೆಗೆ ಹೋದಾಗಲೆಲ್ಲ ನನಗೂ ನನ್ನ ತಮ್ಮನಿಗೂ ಓಟದ ಪಂದ್ಯ ಏರ್ಪಡುತ್ತಿತ್ತು. ಬಾವಿಕಟ್ಟೆಯಿಂದ ಹುಣಿಸೆಮರದವರೆಗೆ ಓಡಬೇಕು; ತೀರ್ಪುಗಾರರು ನಮ್ಮ ಸೋದರಮಾವ. ನಾನು ಎರಡು ವರ್ಷ ದೊಡ್ಡವನಾದ್ದರಿಂದ ಪ್ರತಿ ಸಲವೂ ಗೆಲ್ಲುತ್ತಿದ್ದೆ, ತಮ್ಮ ಪ್ರತಿ ಸಲವೂ ಅಳುತ್ತಿದ್ದ. ಕೊನೆಗೊಂದು ದಿನ ಮಾವ ಅವನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದರು. ಅಂದು ತಮ್ಮ ಗೆದ್ದ. ಅಳುವ ಸರದಿ ನನ್ನದಾಯಿತು. “ಇದು ಮೋಸ” ಎಂದು ನಾನು ಕೂಗಾಡಿದರೆ ಮಾವ ನಕ್ಕು, “ನಿನ್ನೆಯವರೆಗೆ ನಡೆದದ್ದು ಮೋಸವಲ್ಲವೇನೋ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಡ್ರ್ಯಾಗ್ ರೇಸಿನ ಚರಿತ್ರೆಯನ್ನು ಓದುತ್ತಿದ್ದಾಗ ಅದೇ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು.

ಡ್ರ್ಯಾಗ್ ರೇಸ್ ಎಂಬುದು ಕಾರುಗಳ ಓಟಗಳಲ್ಲೆಲ್ಲ ಅತ್ಯಂತ ಸರಳವಾದದ್ದು. ಕಾಲು ಮೈಲಿ ಉದ್ದದ ನೆಟ್ಟನೆಯ ಹಾದಿ. ಅಕ್ಕಪಕ್ಕದಲ್ಲಿ ಎರಡು ಕಾರು. ಮೊದಲು ಕೊನೆ ಮುಟ್ಟಿದವನು ಗೆದ್ದ. ತಿರುವಿಲ್ಲ, ಸುತ್ತಿಲ್ಲ. ಬೀದಿಗಳಲ್ಲಿ ಪುಂಡಾಟವಾಗಿ ನಡೆಯುತ್ತಿದ್ದ ಈ ಓಟವನ್ನು ಒಂದು ಕಟ್ಟುಪಾಡಿಗೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸಂಸ್ಥೆಯನ್ನು ಸ್ಥಾಪಿಸಿದರು. ಆದರೆ ಆಟ ಸರಳವಾದಷ್ಟೂ ನ್ಯಾಯ ಜಟಿಲವಾಗುತ್ತದೆ. ಬಂದವರ ಕಾರುಗಳು ಒಂದೇ ಬಗೆಯವಲ್ಲ. ಒಬ್ಬನದು ಭಾರೀ ಎಂಜಿನ್ನು, ಇನ್ನೊಬ್ಬನದು ಪುಟ್ಟದು. ಇವರಿಬ್ಬರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಪಂದ್ಯ ನಡೆಯುವ ಮೊದಲೇ ಮುಗಿದಂತೆ.

ಸಂಸ್ಥೆ ಹಿಡಿದ ಒಂದು ದಾರಿ ನಮ್ಮ ಮಾವನದೇ: ನಿಧಾನದ ಕಾರನ್ನು ಮೊದಲು ಬಿಡುವುದು. 1963ರಲ್ಲಿ ಇಂಡಿಯಾನಾಪೊಲಿಸ್ಸಿನ ರಾಷ್ಟ್ರೀಯ ಪಂದ್ಯಕ್ಕೆ ಬಾವುಟ ಬೀಸುವವನ ಬದಲು ಬಣ್ಣದ ದೀಪಗಳ ಕಂಬ ಬಂತು. ಜನ ಅದನ್ನು ‘ಕ್ರಿಸ್ಮಸ್ ಮರ’ ಎಂದು ಕರೆದರು. ಎರಡು ಕಾರುಗಳಿಗೂ ಬೇರೆಬೇರೆ ಕ್ಷಣದಲ್ಲಿ ಹಸಿರು ದೀಪ ತೋರಿಸಲು ಅದರಿಂದ ಸಾಧ್ಯವಾಯಿತು. ಆದರೆ ಜಾಣರು ಇದಕ್ಕೂ ಉಪಾಯ ಕಂಡುಕೊಂಡರು. ತಮ್ಮ ನಿಜವಾದ ವೇಗವನ್ನು ಬಚ್ಚಿಟ್ಟರೆ ಹೆಚ್ಚು ಮುನ್ನಡೆ ಸಿಗುತ್ತದಲ್ಲವೆ? ಓಟದ ಕೊನೆಯಲ್ಲಿ ಬ್ರೇಕು ಒತ್ತಿ ಗೆಲ್ಲುವವರೂ ಹುಟ್ಟಿಕೊಂಡರು. ವೇಗದ ಪಂದ್ಯದಲ್ಲಿ ಬ್ರೇಕಿನಿಂದ ಗೆಲ್ಲುವುದನ್ನು ನೋಡಿ ಪ್ರೇಕ್ಷಕರಿಗೆ ಬೇಸರವಾಯಿತು.

ಅದಕ್ಕಾಗಿ 1970ರಲ್ಲಿ ‘ಪ್ರೋ ಸ್ಟಾಕ್’ ಎಂಬ ಹೊಸ ವರ್ಗ ತೆರೆಯಿತು. ಅಂಗಡಿಯಲ್ಲಿ ಕೊಳ್ಳುವ ಕಾರಿನ ರೂಪವೇ ಇರಬೇಕು, ಇಬ್ಬರೂ ಒಟ್ಟಿಗೇ ಹೊರಡಬೇಕು, ಮುನ್ನಡೆಯ ಮಾತಿಲ್ಲ. ಆದರೆ ಎಂಜಿನ್ನಿನ ಪ್ರತಿ ಘನ ಅಂಗುಲಕ್ಕೆ ಕಾರು ಏಳು ಪೌಂಡು ತೂಗಬೇಕು. ಬಲವುಳ್ಳವನು ಹೊರೆ ಹೊರಲಿ ಎಂಬ ನ್ಯಾಯ. ಬೆಂಗಳೂರಿನ ಕುದುರೆ ಪಂದ್ಯಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಅಲ್ಲಿಯೂ ಚುರುಕಾದ ಕುದುರೆಯ ಬೆನ್ನಿಗೆ ಹೆಚ್ಚಿನ ತೂಕ ಏರುತ್ತದೆ.

ಮೊದಲ ಪಂದ್ಯವನ್ನು ಷೆವ್ರೊಲೆ ಕಾರಿನಲ್ಲಿ ಬಿಲ್ ಜೆಂಕಿನ್ಸ್ ಗೆದ್ದ. ಸಿಡುಕನೆಂದೇ ಹೆಸರಾದ ಈತ ಎಂಜಿನ್ ವಿದ್ಯೆಯಲ್ಲಿ ಮಹಾ ನಿಪುಣ. ಆದರೆ ಬೇಗನೆ ಕ್ರೈಸ್ಲರ್ ಕಂಪನಿಯ 426 ಘನ ಅಂಗುಲದ ‘ಹೆಮಿ’ ಎಂಜಿನ್ನು ಮೇಲುಗೈ ಪಡೆಯಿತು. ರಾನಿ ಸಾಕ್ಸ್ ಅದನ್ನು ನಡೆಸುತ್ತಿದ್ದರೆ ಉಳಿದವರು ಎರಡನೆಯ ಸ್ಥಾನಕ್ಕೆ ಹೋರಾಡಬೇಕಾಯಿತು. 1972ರಲ್ಲಿ ಸಂಸ್ಥೆ ನಿಯಮವನ್ನು ಬದಲಿಸಿತು: ಸಣ್ಣ ಎಂಜಿನ್ನಿನ ಪುಟ್ಟ ಕಾರುಗಳಿಗೆ ಘನ ಅಂಗುಲಕ್ಕೆ 6.75 ಪೌಂಡು ಸಾಕು. ಕಾಲು ಪೌಂಡಿನ ರಿಯಾಯಿತಿ! ಜೆಂಕಿನ್ಸ್ ಪುಟ್ಟ ವೇಗಾ ಕಾರಿನಲ್ಲಿ 331 ಘನ ಅಂಗುಲದ ಎಂಜಿನ್ನು ಕೂರಿಸಿದ. ಲೆಕ್ಕ ಹಾಕಿ ನೋಡಿ: ಏಳು ಪೌಂಡಿನ ಲೆಕ್ಕದಲ್ಲಿ ಹೆಮಿ ಕಾರು 2,982 ಪೌಂಡು, ವೇಗಾ ಸುಮಾರು 2,234 ಪೌಂಡು. ಪೊಮೊನಾದಲ್ಲಿ ನಡೆದ ವರ್ಷದ ಮೊದಲ ಪಂದ್ಯವನ್ನೇ ಅವನು ಗೆದ್ದ. ಆ ವರ್ಷದ ಬಹುಪಾಲು ಪಂದ್ಯಗಳೂ ಅವನವೇ ಆದವು.

ಅಲ್ಲಿಂದ ಮುಂದೆ ತಕ್ಕಡಿ ನಿಲ್ಲಲೇ ಇಲ್ಲ. ಯಾರು ಗೆದ್ದರೆ ಅವರ ಬಗೆಯ ಕಾರಿಗೆ ಭಾರ. ಯಾರು ಸೋತರೆ ಅವರಿಗೆ ರಿಯಾಯಿತಿ. ಹೆಮಿಯ ಹೊರೆ ಹೆಚ್ಚುತ್ತ ಹೋಗಿ, ಹೆಸರಾಂತ ಕ್ರೈಸ್ಲರ್ ತಂಡಗಳು ಮುನಿದು ಆ ಸಂಸ್ಥೆಯ ಪಂದ್ಯಗಳಿಂದಲೇ ದೂರ ಸರಿದವು. ಗಾಲಿಗಳ ನಡುವಿನ ಅಂತರ ಹೆಚ್ಚಿದ್ದ ಕಾರಿಗೆ ತೂಕದಲ್ಲಿ ಅನುಕೂಲ ಸಿಕ್ಕಿತೆಂದು ವೇನ್ ಗ್ಯಾಪ್ ಮತ್ತು ಜಾಕ್ ರೌಷ್ 1975ರಲ್ಲಿ ನಾಲ್ಕು ಬಾಗಿಲಿನ ಫೋರ್ಡ್ ಮ್ಯಾವೆರಿಕ್ ಕಾರನ್ನೇ ಪಂದ್ಯಕ್ಕೆ ತಂದರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗುವಂಥ ಕಾರು ಅದು! ನಿಯಮ ಬರೆಯುವವನು ಒಂದು ಬಾಗಿಲು ಮುಚ್ಚಿದರೆ, ಓದುವವನು ನಾಲ್ಕು ಬಾಗಿಲಿನ ಕಾರು ತರುತ್ತಾನೆ.

ಇಲ್ಲಿಯವರೆಗೆ ನಗಬಹುದು. ಆದರೆ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಗೇರು ಬದಲಿಸುವುದರಲ್ಲಿ ರಾನಿ ಸಾಕ್ಸನಿಗೆ ಸರಿಸಮಾನರಿಲ್ಲವೆಂದು ಪ್ರತೀತಿ. ಹಾಗಾದರೆ ಗೆದ್ದದ್ದು ಹೆಮಿ ಎಂಜಿನ್ನೋ, ಸಾಕ್ಸನ ಕೈಯೋ? ತಕ್ಕಡಿಗೆ ಕೈ ಕಾಣಿಸುವುದಿಲ್ಲ, ಕಬ್ಬಿಣ ಮಾತ್ರ ಕಾಣಿಸುತ್ತದೆ. ಬಾಬ್ ಗ್ಲಿಡನ್ ಫೋರ್ಡ್ ಕಾರಿನಲ್ಲಿ 1974, 1975 ಮತ್ತು 1978ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದ. ಒಬ್ಬನ ಗೆಲುವಿಗಾಗಿ ಫೋರ್ಡಿನ ಮೇಲೆ ಹೊರೆ ಬಿದ್ದಾಗ, ಎಂದೂ ಗೆದ್ದಿರದ ಬಡ ಫೋರ್ಡ್ ಸ್ಪರ್ಧಿಯೂ ಅದನ್ನು ಹೊರಬೇಕು. ಗ್ಲಿಡನ್ ಮಾಡಿದ್ದೇನು? 1979ರಲ್ಲಿ ಫೋರ್ಡನ್ನು ಬಿಟ್ಟು ಪ್ಲಿಮತ್ ಆರೋ ಕಾರು ಏರಿದ. ಆ ವರ್ಷವೂ ಪ್ರಶಸ್ತಿ ಅವನದೇ. ದಂಡ ತೆರಬೇಕಾದವನು ಮನೆ ಬದಲಿಸಿದ. ದಂಡ ಹಳೆಯ ಮನೆಯವರ ಪಾಲಿಗೆ ಉಳಿಯಿತು.

ಕೊನೆಗೆ 1982ರಲ್ಲಿ ಸಂಸ್ಥೆ ತಕ್ಕಡಿಯ ಆ ಲೆಕ್ಕಗಳನ್ನೆಲ್ಲ ಒರೆಸಿಹಾಕಿತು. ಎಲ್ಲರಿಗೂ ಒಂದೇ ನಿಯಮ: ಎಂಜಿನ್ನು 500 ಘನ ಅಂಗುಲ ಮೀರಬಾರದು, ಕಾರು 2,350 ಪೌಂಡಿಗೆ ಕಡಿಮೆಯಿರಬಾರದು. ವಾದ ಅಡಗಿತು. ಜೊತೆಗೆ ಆ ವರ್ಗದ ಸಣ್ಣ ಎಂಜಿನ್ನುಗಳೂ ಅಡಗಿದವು. ಎಲ್ಲರೂ ಮಿತಿಯಷ್ಟು ದೊಡ್ಡ ಎಂಜಿನ್ನನ್ನೇ ಕಟ್ಟಿಸಬೇಕಾಯಿತು. ಹೊಸ ನಿಯಮದಲ್ಲಿ ಮೊದಲು ಲೀ ಷೆಪರ್ಡ್, ಆಮೇಲೆ 1985ರಿಂದ 1989ರವರೆಗೆ ಐದು ವರ್ಷ ಸತತವಾಗಿ ಅದೇ ಗ್ಲಿಡನ್ ಗೆದ್ದರು. ಹೊರೆ ಇದ್ದಾಗಲೂ ಗೆದ್ದವನು ಹೊರೆ ಇಳಿದಾಗಲೂ ಗೆದ್ದ.

ಹಾಗಾದರೆ ಹನ್ನೆರಡು ವರ್ಷದ ತೂಗಾಟ ವ್ಯರ್ಥವೆ? ನನಗೆ ಹಾಗೆನಿಸುವುದಿಲ್ಲ. ಆ ಕಾಲು ಪೌಂಡಿನ ರಿಯಾಯಿತಿಯಿಲ್ಲದಿದ್ದರೆ ಪುಟ್ಟ ವೇಗಾ ಹುಟ್ಟುತ್ತಲೇ ಇರಲಿಲ್ಲ. ದುರ್ಬಲನಿಗೆ ಕೊಟ್ಟ ಮುನ್ನಡೆ ಅವನನ್ನು ಆಟದೊಳಕ್ಕೆ ಕರೆದುಕೊಳ್ಳುತ್ತದೆ. ಅಷ್ಟು ಅದರ ಪುಣ್ಯ. ಗೆದ್ದವನನ್ನು ಗೆದ್ದದ್ದಕ್ಕಾಗಿಯೇ ದಂಡಿಸತೊಡಗಿದಾಗ ಅದರ ಪುಣ್ಯ ತೀರುತ್ತದೆ. ಆ ಎರಡರ ನಡುವಿನ ಗೆರೆ ಎಲ್ಲಿದೆಯೆಂದು ಯಾವ ನಿಯಮದ ಪುಸ್ತಕವೂ ಮೊದಲೇ ಹೇಳಲಾರದು.

ನಮ್ಮ ಮಾವ ಮುಂದಿನ ಬೇಸಗೆಯಲ್ಲಿ ಹತ್ತು ಹೆಜ್ಜೆಯನ್ನು ಐದಕ್ಕೆ ಇಳಿಸಿದರು, ಅದರ ಮುಂದಿನ ವರ್ಷ ತೆಗೆದೇಬಿಟ್ಟರು. ಅಷ್ಟರಲ್ಲಿ ತಮ್ಮನಿಗೆ ಓಟದ ರುಚಿ ಹತ್ತಿತ್ತು. ಒಂದೇ ಗೆರೆಯಿಂದ ಹೊರಟು ಅವನು ನನಗಿಂತ ಮೊದಲು ಹುಣಿಸೆಮರ ಮುಟ್ಟಿದ. ಮೋಸವೆಂದು ಕೂಗಲು ಅಂದು ನನಗೆ ಬಾಯಿ ಬರಲಿಲ್ಲ.