ಹಸಿಕಸದ ಬಯೋಗ್ಯಾಸ್ ಮತ್ತು ಭೂಕಂಪ ಸನ್ನದ್ಧತೆ: ಮಂಗಳೂರಿನ ಅತ್ತಾವರವನ್ನು ಕುರಿತು ಒಂದು ಪರಿಶೀಲನೆ

ಸಾರಾಂಶ

ಬಡಾವಣೆ ಮಟ್ಟದ ಬಯೋಗ್ಯಾಸ್ ಸ್ಥಾವರಗಳನ್ನು ಸಾಮಾನ್ಯವಾಗಿ ಕಸ ವಿಲೇವಾರಿಯ ಲೆಕ್ಕದಲ್ಲಿ ಮಾತ್ರ ಅಳೆಯಲಾಗುತ್ತದೆ. ಭೂಕಂಪದಂಥ ವಿಪತ್ತಿನಲ್ಲಿ ಅವು ಇಂಧನದ ಆಸರೆಯಾಗಬಲ್ಲವೇ, ಅದಕ್ಕೆ ಯಾವ ರಚನೆ ಮತ್ತು ಯಾವ ಆಡಳಿತ ಬೇಕು ಎಂಬುದನ್ನು ಅತ್ತಾವರದ ಸನ್ನಿವೇಶದಲ್ಲಿಟ್ಟು ಈ ಲೇಖನ ಪರಿಶೀಲಿಸುತ್ತದೆ. ನಿತ್ಯ ಬಳಕೆಯಲ್ಲಿರುವ ಸ್ಥಾವರ ಮಾತ್ರ ಆಪತ್ತಿಗೆ ಒದಗುತ್ತದೆ ಎಂಬುದು ಇಲ್ಲಿನ ವಾದ.

1. ಅಪಾಯದ ಸ್ವರೂಪ

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಮಂಗಳೂರು 3ನೇ ಭೂಕಂಪ ವಲಯಕ್ಕೆ ಸೇರಿದೆ. ಇದು ಮಧ್ಯಮ ಅಪಾಯದ ವಲಯ; ಇದರ ವಲಯಾಂಕ 0.16. 2022ರ ಜೂನ್ 28ರಂದು ಕೊಡಗು-ಸುಳ್ಯ ಗಡಿಯಲ್ಲಿ 3.0 ಪರಿಮಾಣದ ಕಂಪನ ದಾಖಲಾಯಿತು. ಇಂಥ ಲಘು ಕಂಪನಗಳಿಂದ ದೊಡ್ಡ ಅನಾಹುತವನ್ನು ಊಹಿಸುವುದು ಸರಿಯಲ್ಲ. ಆದರೆ ಗಟ್ಟಿನೆಲವೆಂದು ನಂಬಿದ್ದ ದಖ್ಖನ್ನಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು 6.2 ಪರಿಮಾಣದ ಭೂಕಂಪ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಮಧ್ಯಮ ಅಪಾಯದ ಊರುಗಳು ಸಿದ್ಧತೆಯನ್ನು ಕೈಬಿಡಬಾರದು ಎಂಬುದಕ್ಕೆ ಇಷ್ಟು ಸಾಕು.

ಅತ್ತಾವರದ ಮಟ್ಟಿಗೆ ಕಟ್ಟಡಗಳಷ್ಟೇ ಮುಖ್ಯವಾದುದು ಪೂರೈಕೆಯ ಪ್ರಶ್ನೆ. ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳು, ಹೋಟೆಲ್‌ಗಳು, ವಸತಿ ಸಮುಚ್ಚಯಗಳು ಒತ್ತಾಗಿರುವ ಈ ಭಾಗ ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ನಡುವಿನ ಹಳೆಯ ನಗರದಲ್ಲಿದೆ. ಬಂದರು, ರಿಫೈನರಿಗಳಿರುವುದು ಫಲ್ಗುಣಿಯ ಆಚೆ, ಪಣಂಬೂರು-ಸುರತ್ಕಲ್ ಕಡೆ. ರಾಷ್ಟ್ರೀಯ ಹೆದ್ದಾರಿ 66 ಕೂಳೂರಿನಲ್ಲಿ ಆ ನದಿಯನ್ನು ದಾಟುತ್ತದೆ. ನದಿಯಾಚೆ ಎಷ್ಟೇ ಅನಿಲ ದಾಸ್ತಾನಿದ್ದರೂ ಕೂಳೂರಿನ ಸೇತುವೆ ಮುಚ್ಚಿದರೆ ಅತ್ತಾವರದ ಒಲೆಗಳಿಗೆ ಅದು ಸಕಾಲಕ್ಕೆ ಸಿಗದು. ನೇಪಾಳದಲ್ಲಿ 2015ರ ಏಪ್ರಿಲ್‌ನ 7.8 ಪರಿಮಾಣದ ಭೂಕಂಪದಿಂದ ಜನ ಚೇತರಿಸಿಕೊಳ್ಳುವ ಮುನ್ನವೇ, ಅದೇ ಸೆಪ್ಟೆಂಬರಿನಲ್ಲಿ ಗಡಿಯ ಸರಕು ಸಾಗಣೆ ನಿಂತಿತು. ಅಡುಗೆ ಅನಿಲದ ತೀವ್ರ ಅಭಾವ ತಲೆದೋರಿತು. ಹೊರಗಿನ ಸಿಲಿಂಡರನ್ನೇ ನಂಬಿದ ನಗರದ ದೌರ್ಬಲ್ಯ ಆಗ ಬಯಲಾಯಿತು.

2. ಪಚ್ಚನಾಡಿಯ ಪಾಠ

ಮಂಗಳೂರಿನ ಕಸ ಹೋಗಿ ಸೇರುವ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನ ಮಳೆಗೆ ಕಸದ ರಾಶಿ ಜಾರಿ, ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಹಸಿಕಸ ಕೊಳೆಯುತ್ತ ನೀರನ್ನೂ ಮೀಥೇನನ್ನೂ ಬಿಡುತ್ತದೆ. ರಂಧ್ರಗಳಲ್ಲಿ ಒತ್ತಡ ಏರಿದಂತೆ ರಾಶಿಯ ಹಿಡಿತ ಸಡಿಲಗೊಳ್ಳುತ್ತದೆ. ಮಳೆಗಾಲದಲ್ಲಿ ಅಂಥ ಇಳಿಜಾರಿಗೆ ಕಂಪನವೂ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಆದ್ದರಿಂದ ಅತ್ತಾವರದ ಹಸಿಕಸವನ್ನು ಅಲ್ಲಿಯೇ ಅನಿಲವಾಗಿಸಿದರೆ ಮಂದಾರದಂಥ ಊರಿನ ಮೇಲಿನ ಹೊರೆಯೂ ಇಳಿಯುತ್ತದೆ. ಈ ಎರಡನೆಯ ಲಾಭವನ್ನು ಯೋಜನಾ ವರದಿಗಳು ಲೆಕ್ಕಕ್ಕೆ ತರಲೇಬೇಕು.

3. ಇಂಧನದ ಲೆಕ್ಕ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ಬೃಹತ್ ಉತ್ಪಾದಕರೆಂದು ಗುರುತಿಸಿದವು. ಅದೇ ಪ್ರಮಾಣದ, ಅಂದರೆ 100 ಕಿಲೋ ಅಡುಗೆಕಸವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಸರಿಯಾಗಿ ನಡೆಸಿದರೆ ಅದರಿಂದ ದಿನಕ್ಕೆ ಸುಮಾರು 10 ಘನ ಮೀಟರ್ ಅನಿಲ ದೊರೆಯುತ್ತದೆ. ಶಾಖದ ಲೆಕ್ಕದಲ್ಲಿ ಇದು 4.5 ಕಿಲೋ ಎಲ್‌ಪಿಜಿಗೆ ಸಮ, ಎಂದರೆ ಸುಮಾರು ಮೂರು ದಿನಕ್ಕೊಂದು ಮನೆಬಳಕೆಯ ಸಿಲಿಂಡರ್. ಒಬ್ಬರ ದಿನದ ಅಡುಗೆಗೆ 0.25 ಘನ ಮೀಟರ್ ಎಂದಿಟ್ಟುಕೊಂಡರೆ 40 ಜನರಿಗೆ ಸಾಕು. ಅಡುಗೆಯ ಬದಲು ಕುಡಿಯುವ ನೀರಿಗೆ ಬಳಸಿದರೆ, ಒಲೆಯ ದಕ್ಷತೆ ಶೇ 50 ಎಂದು ಹಿಡಿದರೂ, ಸುಮಾರು 300 ಲೀಟರ್ ಕುದಿಸಬಹುದು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುವ ಈ ಕರಾವಳಿಯಲ್ಲಿ ಗಂಜಿ ಕೇಂದ್ರಕ್ಕೆ ಮುಚ್ಚಿದ ದೊಡ್ಡ ಪಾತ್ರೆಗಳೂ ಜೊತೆಗೆ ಬೇಕು.

ಇದು ಇಡೀ ಬಡಾವಣೆಯ ಹಸಿವನ್ನು ನೀಗಿಸುವ ಪ್ರಮಾಣವಲ್ಲ. ಕಸ ಸುರಿಯುವುದು ನಿಂತರೆ ಅನಿಲವೂ ಕೆಲವೇ ದಿನಗಳಲ್ಲಿ ಕುಗ್ಗುತ್ತದೆ. ಹೊರಗಿನ ನೆರವು ಬರುವವರೆಗಿನ ಮೊದಲ ದಿನಗಳಿಗೆ ಮಕ್ಕಳು, ವೃದ್ಧರು, ರೋಗಿಗಳನ್ನು ಪೊರೆಯುವುದೇ ಇದರ ಗುರಿಯಾಗಬೇಕು.

4. ಕಂಪನ ತಾಳುವ ರಚನೆ

ದಿನದ 100 ಕಿಲೋ ಅಡುಗೆಕಸಕ್ಕೆ ಅಷ್ಟೇ ತೂಕದ ನೀರು ಬೆರೆಸಿ, ಆ ಬಗ್ಗಡವನ್ನು 30ರಿಂದ 40 ದಿನ ತಂಗಿಸಲು 6ರಿಂದ 8 ಘನ ಮೀಟರಿನ ತೊಟ್ಟಿ ಬೇಕು. 2.2 ಮೀಟರ್ ವ್ಯಾಸ, 2 ಮೀಟರ್ ಆಳದ ತೊಟ್ಟಿಯನ್ನು ಲೆಕ್ಕಕ್ಕಾಗಿ ತೆರೆದದ್ದೆಂದು ಹಿಡಿದರೆ, ಅದರಲ್ಲಿ ಬಗ್ಗಡ ಓಲಾಡುವ ಸಹಜ ಅವಧಿ ಸುಮಾರು 1.5 ಸೆಕೆಂಡ್. ಹತ್ತಿರದ ಲಘು ಕಂಪನಗಳು ಇದಕ್ಕಿಂತ ಬಹಳ ವೇಗದವು. ಹಾಗಾಗಿ ಅವುಗಳಲ್ಲಿ ಬಗ್ಗಡದ ಓಲಾಟಕ್ಕಿಂತ ಬಿಗಿಯಾದ ಕೊಳವೆ ಜೋಡಣೆಗಳು ಮುರಿಯುವ ಭಯವೇ ಹೆಚ್ಚು. ತೊಟ್ಟಿಯಿಂದ ಹೊರಡುವ ಕಡೆ ಬಾಗುವ ಕೊಳವೆ, ಕೈಗೆಟಕುವ ಮುಚ್ಚುಕವಾಟ, ಜ್ವಾಲೆ ಹಿಂದಿರುಗದಂತೆ ತಡೆ, ತೆರೆದ ಗಾಳಿಯ ಜಾಗ ಇವು ಕಡ್ಡಾಯ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಆದ್ದರಿಂದ ಕಂಪನದ ನಂತರ ತಪಾಸಣೆ ಮುಗಿಯದೆ ಒಲೆ ಹಚ್ಚಲೇಬಾರದು. ಸ್ಥಾವರಕ್ಕೆ ಇಟ್ಟಿಗೆಯ ಗುಮ್ಮಟವಿದ್ದರೆ, ಅದು ಬಿರುಕು ಬಿಟ್ಟಾಗ ಅನಿಲ ನಿಲ್ಲದು. ತಗ್ಗಿನ ಜಾಗಗಳಲ್ಲಿ ಮಳೆಗಾಲದ ಅಂತರ್ಜಲ ಹಗುರ ತೊಟ್ಟಿಯನ್ನು ಮೇಲೆತ್ತದಂತೆ ತಳಕ್ಕೆ ಭಾರವೂ ಬೇಕು.

5. ಪುರದ ಅನುಭವ

ತಂತ್ರಜ್ಞಾನಕ್ಕಿಂತ ಕಠಿಣವಾದುದು ಜನರ ನಿರಂತರ ಪಾಲ್ಗೊಳ್ಳುವಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಸಗಣಿಯಿಂದ ನಡೆಯುವ ಸಮುದಾಯ ಬಯೋಗ್ಯಾಸ್ ಸ್ಥಾವರ ಕಟ್ಟಿತು. ಎಲ್ಲರ ಅಡುಗೆಗೆ ಸಾಲುವಷ್ಟು ಅನಿಲ ಬಾರದಾಗ ಜನ ಆಸಕ್ತಿ ಕಳೆದುಕೊಂಡರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟಾಗ ಊರು ಅದನ್ನು ತನ್ನದಾಗಿಸಿಕೊಂಡಿತು. ಸಗಣಿ ತಂದವರಿಗೆ ಹಣ ಸಿಕ್ಕಿತು, ಅನಿಲ ತೆಗೆದ ಬಗ್ಗಡ ಮರಳಿ ಸಿಕ್ಕಿತು, ನಿರ್ವಹಣೆ ಊರಿನ ಸಭೆಯ ಕೈಗೆ ಬಂತು. ಸಾಮರ್ಥ್ಯಕ್ಕೆ ಮೀರಿದ ಭರವಸೆ ಯೋಜನೆಯನ್ನು ಕೆಡಿಸುತ್ತದೆ, ಸ್ಪಷ್ಟ ಪ್ರತಿಫಲ ಉಳಿಸುತ್ತದೆ ಎಂಬ ಪುರದ ತಿಳಿವಳಿಕೆ ಅತ್ತಾವರಕ್ಕೂ ದಾರಿ.

6. ಉಪಸಂಹಾರ

ಎಂದೋ ಬರಬಹುದಾದ ಭೂಕಂಪಕ್ಕೆಂದೇ ಕಟ್ಟಿಟ್ಟ ಸ್ಥಾವರ ತುಕ್ಕು ಹಿಡಿಯುತ್ತದೆ. ಅದರ ಸೂಕ್ಷ್ಮಜೀವಿಗಳಿಗೆ ನಿತ್ಯವೂ ಆಹಾರ ಬೇಕು. ಆದ್ದರಿಂದ ವಿದ್ಯಾರ್ಥಿ ನಿಲಯದ ಮೆಸ್ ಅಥವಾ ದೊಡ್ಡ ಸಮುಚ್ಚಯದ ಅಡುಗೆಮನೆಯಿಂದ ಕೆಲಸ ಆರಂಭಿಸಬೇಕು. ಆಸ್ಪತ್ರೆಗಳಿಂದ ಅಡುಗೆಕಸವನ್ನು ಮಾತ್ರ ಪಡೆಯಬೇಕು. ವಿಪತ್ತಿನಲ್ಲಿ ಅನಿಲ ಯಾರಿಗೆ ಮೊದಲು ಎಂಬುದನ್ನು ವಾರ್ಡ್ ಸಮಿತಿ ಮುಂಚಿತವಾಗಿ ಬರೆದಿಡಬೇಕು, ವರ್ಷಕ್ಕೊಮ್ಮೆ ಕವಾಟ ಮುಚ್ಚಿ, ತಪಾಸಣೆ ಮಾಡಿ, ಗಂಜಿ ಬೇಯಿಸಿ ತಾಲೀಮು ನಡೆಸಬೇಕು. ಭೂಮಿ ಎಂದೂ ನಡುಗದಿದ್ದರೂ ಈ ಶ್ರಮ ವ್ಯರ್ಥವಲ್ಲ: ಪಚ್ಚನಾಡಿಗೆ ಹೋಗುವ ಹಸಿಕಸ ಕಡಿಮೆಯಾಗಿರುತ್ತದೆ, ಒಂದು ಬಡಾವಣೆ ತನ್ನ ಹೊಣೆಯನ್ನು ತಾನೇ ಹೊರಲು ಕಲಿತಿರುತ್ತದೆ.