ದೀಪ ಹಚ್ಚುವ ಹೊತ್ತಿನ ತೇರ್ಸ್

ಉತ್ತರ ಕನ್ನಡದ ಸೂಪಾ ಸೀಮೆಯ ಕ್ರೈಸ್ತರ ಚರಿತ್ರೆಯನ್ನು ಇಗರ್ಜಿಗಳಿಂದ ಶುರುಮಾಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ್ದು 1976ರಲ್ಲಿ, ಬೆಳಗಾವಿಯದು 1953ರಲ್ಲಿ. ಅದಕ್ಕೂ ಮುಂಚೆ ಇಲ್ಲಿನವರು ಗೋವಾದ ಆರ್ಚ್‌ಬಿಷಪ್ಪರ ಆಡಳಿತಕ್ಕೆ ಸೇರಿದ್ದರು. ಕಾಡೊಳಗಿನ ವಾಡೆಗಳಿಗೆ ಪಾದ್ರಿಗಳು ಬರುವುದೇ ಅಪರೂಪ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಅದೂ ಇಲ್ಲ. ಆದರೂ ಮಕ್ಕಳು ಜಪ ಕಲಿತರು. ಕಲಿಸಿದವರು ತಾಯಂದಿರು, ಅಜ್ಜಿಯರು. ಹಳಿಯಾಳದ ಕಡೆ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ನಾನು ಆ ಹೆಂಗಸರ ಸಾಲಿನಲ್ಲೇ ಬಂದವಳು.

ಗೋವಾದಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಾಡುವ ಕುಟುಂಬಗಳು ಇಲ್ಲಿ ನೆಲೆ ನಿಂತವು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಇದೇ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ನಮ್ಮ ಸಿದ್ದಿಗಳು. ಯಲ್ಲಾಪುರದ ಕಡೆಯ ಸಿದ್ದಿಗಳಲ್ಲಿ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಸರಪಳಿ ಹಾಕಿದವನ ಧರ್ಮವನ್ನು ಸರಪಳಿ ಹರಿದುಕೊಂಡ ಮೇಲೂ ತಮ್ಮದೆಂದು ಉಳಿಸಿಕೊಂಡ ಆ ಹಿರಿಯರನ್ನು ನೆನೆದಾಗಲೆಲ್ಲ ನನ್ನ ತಲೆ ಬಾಗುತ್ತದೆ.

ಜಪವನ್ನು ಬಾಯಿಪಾಠವಾಗಿ ಕಲಿಸುವ ಪದ್ಧತಿ ಹಳೆಯದು. 1542ರಲ್ಲಿ ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಕರೆಯುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಸಿದ್ಧಪಡಿಸಿದ ಧರ್ಮೋಪದೇಶದ ಪುಸ್ತಕ, ಅವರು ತೀರಿಕೊಂಡ ಮೂರು ವರ್ಷಕ್ಕೆ, 1622ರಲ್ಲಿ ಗೋವಾದ ರಾಯತೂರಿನಲ್ಲಿ ಅಚ್ಚಾಯಿತು. ಅದಿರುವುದು ಪ್ರಶ್ನೋತ್ತರದ ರೂಪದಲ್ಲಿ, ಗುರು ಶಿಷ್ಯರ ಮಾತುಕತೆಯಾಗಿ. ಅಕ್ಷರ ಬಾರದ ತಾಯಿಯೂ ಕೇಳಿ ಕಲಿತು ಮಗುವಿಗೆ ದಾಟಿಸಬಹುದಾದ ಪಾಠವದು. 1684ರಲ್ಲಿ ಗೋವಾದ ಸರ್ಕಾರ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಕಲಿಯಿರೆಂದು ಆಜ್ಞೆ ಹೊರಡಿಸಿತು. ಆಜ್ಞೆ ಅಡುಗೆಮನೆಯೊಳಗೆ ಬರಲಿಲ್ಲ. ನಮ್ಮ ಜಪಗಳು ಇಂದಿಗೂ ಕೊಂಕಣಿಯಲ್ಲೇ ಇವೆ.

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಕೂಡಲೇ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಆಯಿ ಜಪಸರ ಹಿಡಿದು ಮೊದಲರ್ಧ ಹೇಳಿದರೆ ಉಳಿದರ್ಧ ನಮ್ಮದು. ಐದು ರಹಸ್ಯ, ಒಂದೊಂದಕ್ಕೂ ಹತ್ತು ನಮೋ ಮರಿಯಾ. ಒಂದೊಂದು ಮಗುವಿಗೆ ಒಂದೊಂದು ರಹಸ್ಯ ಮುನ್ನಡೆಸುವ ಸರದಿ. ತಪ್ಪಿದರೆ ಆಯಿ ಬೈಯುತ್ತಿರಲಿಲ್ಲ, ಆ ಸಾಲನ್ನು ತಾನೇ ಇನ್ನೊಮ್ಮೆ ಮೆಲ್ಲಗೆ ಹೇಳುತ್ತಿದ್ದಳು. ಮುಗಿದ ಮೇಲೆ ಹಿರಿಯರೆಲ್ಲರ ಮುಂದೆ ಹೋಗಿ ಕೈಜೋಡಿಸಿ ‘ಬೆಸಾಂವ್ ದಿ’ ಎಂದು ಆಶೀರ್ವಾದ ಕೇಳಬೇಕು. ಹಗಲು ಜಗಳವಾಡಿದ ಚಿಕ್ಕಪ್ಪನನ್ನೂ ಬಿಡುವಂತಿರಲಿಲ್ಲ. ಕ್ಷಮೆಯ ಪಾಠ ನಮಗಾದದ್ದು ಹಾಗೆ.

ಸಿದ್ದಿ ಅಜ್ಜಿಯರು ವಿಶ್ವಾಸವನ್ನು ಸೂಜಿಯಲ್ಲೂ ಕಲಿಸಿದರು. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಅವರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅಂಚಿನಿಂದ ಹೊಲಿಗೆ ಶುರು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ‘ಫುಲ’ ಇಡದಿದ್ದರೆ ಕವಂದಿ ಬರಿಮೈಯಲ್ಲಿದ್ದಂತೆ. ಕ್ರೈಸ್ತ ಮನೆಗಳ ಕವಂದಿಯಲ್ಲಿ ಶಿಲುಬೆ ಕಾಣುತ್ತದೆ. ಮಾತು ಬರುವ ಮೊದಲೇ ಮಗು ಅದರಡಿ ಮಲಗಿರುತ್ತದೆ.

ರೋಮ್‌ನಲ್ಲಿ ಆದದ್ದೂ ಈ ಮನೆಗಳನ್ನು ಮುಟ್ಟಿತು. 1910ರಲ್ಲಿ ಹತ್ತನೆಯ ಪಿಯುಸ್ ಪೋಪರು ಏಳು ವರ್ಷದ ಸುಮಾರಿಗೇ ಮಕ್ಕಳು ಪರಮಪ್ರಸಾದ ಪಡೆಯಬಹುದೆಂದರು. ಅಲ್ಲಿಗೆ ತಾಯಿಯ ಪಾಠ ಇನ್ನೂ ಮೊದಲೇ ಮುಗಿಯಬೇಕಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆಯಿತು, ಮಕ್ಕಳಿಗೆ ತಂದೆತಾಯಿಯೇ ಮೊದಲ ಬೋಧಕರೆಂದಿತು. ನಮ್ಮ ಕಾಡಿನ ಹೆಂಗಸರು ಅದನ್ನು ಎಂದಿನಿಂದಲೋ ನಡೆಸಿಕೊಂಡು ಬಂದಿದ್ದರು.

ಆಮೇಲೆ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ಅದೇ ತಾಲೂಕಿನ ರಾಮನಗರಕ್ಕೆ ಬಂದರು. ಆಯಿಯ ತವರಿನವರು ಗದ್ದೆ ಬಿಟ್ಟರು, ಮನೆ ಬಿಟ್ಟರು, ತೇರ್ಸ್ ಬಿಡಲಿಲ್ಲ. ಹೊಸ ಜಾಗದಲ್ಲಿ ಗೋಡೆ ಏಳುವ ಮೊದಲೇ ತಗಡಿನಡಿ ಜಪ ನಡೆಯಿತು.

ಈಗ ನನ್ನ ತರಗತಿಗೆ ಬರುವ ಕೆಲವು ಮಕ್ಕಳಿಗೆ ಪರಲೋಕ ಮಂತ್ರ ಪೂರ್ತಿ ಬರುವುದಿಲ್ಲ. ಅಪ್ಪ ಅಮ್ಮ ದುಡಿಮೆಗೆ ಗೋವಾದಲ್ಲಿ, ಮಕ್ಕಳು ಹಾಸ್ಟೆಲಿನಲ್ಲಿ. ಅವರ ಕಷ್ಟ ನನಗೆ ಗೊತ್ತು. ಆದರೂ ವಾರಕ್ಕೊಂದು ಗಂಟೆಯಲ್ಲಿ ನಾನು ಕೊಡಬಲ್ಲದ್ದು ಪಾಠ ಮಾತ್ರ. ಮೊಣಕಾಲೂರಿದ ತಂದೆತಾಯಿಯನ್ನು ನೋಡುವ ಮಗು ಕಲಿಯುವುದೇ ಬೇರೆ. ಕೊಂಕಣಿಯಲ್ಲಾಗಲಿ ಕನ್ನಡದಲ್ಲಾಗಲಿ, ರಜೆಗೆ ಬಂದ ರಾತ್ರಿಯಾದರೂ ಮಕ್ಕಳ ಪಕ್ಕದಲ್ಲಿ ಕೂತು ಒಂದು ರಹಸ್ಯ ಹೇಳಿ ಎಂದು ಬೇಡುತ್ತೇನೆ. ಪಾದ್ರಿಯಿಲ್ಲದೆ ಉಳಿದ ವಿಶ್ವಾಸ ನಮ್ಮದು, ತಂದೆತಾಯಿಯಿಲ್ಲದೆ ಉಳಿಯಲಾರದು.